ಅಡಿಲೇಡ್ ನಗರದ ಜೋಡಿ ಹೆಸರುಗಳು: ಮಾತನಾಡುವವರಿಲ್ಲದ ಭಾಷೆಯಿಂದ ಊರಿಗೆ ಹೆಸರು ತಂದ ಒಂದು ಪ್ರಕರಣ

ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿಯಾದ ಅಡಿಲೇಡ್‌ನ ನಟ್ಟನಡುವೆ ಒಂದು ವಿಶಾಲವಾದ ಚೌಕವಿದೆ. 1837ರಲ್ಲಿ, ಇನ್ನೂ ಪಟ್ಟವೇರದಿದ್ದ ಇಂಗ್ಲೆಂಡಿನ ರಾಜಕುಮಾರಿಯ ಗೌರವಾರ್ಥ ಅದಕ್ಕೆ ವಿಕ್ಟೋರಿಯಾ ಚೌಕವೆಂದು ಹೆಸರಿಟ್ಟರು. ಇಂದು ಅದೇ ಚೌಕಕ್ಕೆ ‘ತಂಟಾನ್ಯಂಗ’ ಎಂಬ ಇನ್ನೊಂದು ಅಧಿಕೃತ ಹೆಸರೂ ಇದೆ. ಅದು ಆ ಬಯಲಿನ ಮೂಲನಿವಾಸಿಗಳಾದ ಕೌರ್ನಾ ಜನರ ಮಾತು. ಕೆಂಪು ಕಾಂಗರೂವಿನ ನೆಲೆಯಲ್ಲಿ ಎಂದು ಅದರ ಅರ್ಥ. 1997ರಿಂದ 2012ರವರೆಗೆ ಹದಿನೈದು ವರ್ಷಗಳ ಕಾಲ ನಡೆದ ಕೆಲಸದಲ್ಲಿ ಈ ನಗರದ ಚೌಕಗಳು ಮತ್ತು ಉದ್ಯಾನಗಳೂ ಸೇರಿ 39 ಸ್ಥಳಗಳು ಹೀಗೆ ಎರಡೆರಡು ಹೆಸರು ಪಡೆದವು. ಆ ಕೆಲಸ ಹೇಗೆ ನಡೆಯಿತು, ಎಲ್ಲೆಲ್ಲಿ ಕಠಿಣವಾದ ತೀರ್ಮಾನಗಳನ್ನು ಮಾಡಬೇಕಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಇದು ಸಾರ್ವಜನಿಕ ದಾಖಲೆಯಲ್ಲಿರುವ ವಿಷಯವಾದ್ದರಿಂದ ಊರಿನ ಹೆಸರನ್ನು ಮರೆಮಾಡಿಲ್ಲ; ಆದರೆ ಇದರಲ್ಲಿ ದುಡಿದ ನಮ್ಮ ಕಾಲದ ಹಿರಿಯರು, ಭಾಷಾವಿಜ್ಞಾನಿಗಳು, ಅಧಿಕಾರಿಗಳು ಯಾರನ್ನೂ ಹೆಸರಿಸದೆ ಅವರವರ ಪಾತ್ರದಿಂದಷ್ಟೇ ಗುರುತಿಸಿದ್ದೇನೆ. ಹೆಸರು ಹೇಳಿರುವುದು ಹತ್ತೊಂಬತ್ತನೆಯ ಶತಮಾನದವರನ್ನು ಮತ್ತು ಚೌಕಕ್ಕೆ ತಮ್ಮ ಹೆಸರು ಬಂದವರನ್ನು ಮಾತ್ರ.

ಹಿನ್ನೆಲೆ

ದಕ್ಷಿಣ ಆಸ್ಟ್ರೇಲಿಯಾ ವಸಾಹತು ಘೋಷಣೆಯಾದದ್ದು 1836ರ ಡಿಸೆಂಬರಿನಲ್ಲಿ. ಮರುವರ್ಷವೇ ವಿಲಿಯಂ ಲೈಟ್ ಎಂಬ ಸರ್ವೇಕ್ಷಣಾಧಿಕಾರಿ ನದಿಯ ಎರಡೂ ದಂಡೆಗಳಲ್ಲಿ ನಗರವನ್ನು ಅಳೆದು, ನಡುವೆ ಆರು ಚೌಕಗಳನ್ನೂ ಸುತ್ತಲೂ ಉದ್ಯಾನಗಳ ಪಟ್ಟಿಯನ್ನೂ ಬಿಟ್ಟು ನಕ್ಷೆ ಬರೆದನು. 1837ರ ಮೇ 23ರಂದು ಒಂದು ಸಮಿತಿ ಸೇರಿ ಬೀದಿಗಳಿಗೂ ಚೌಕಗಳಿಗೂ ಹೆಸರಿಟ್ಟಿತು. ರಾಜಕುಮಾರಿಯ ಹೆಸರಿನ ಚೌಕವನ್ನು ಬಿಟ್ಟರೆ ಉಳಿದ ಐದೂ ಗಂಡಸರ ಪಾಲಾದವು: ಲೈಟ್, ಹಿಂಡ್‌ಮಾರ್ಷ್, ಹರ್ಟಲ್, ವ್ಹಿಟ್‌ಮೋರ್, ವೆಲಿಂಗ್ಟನ್. ವೆಲಿಂಗ್ಟನ್ನನಂತಹವರು ಈ ನೆಲವನ್ನು ಕಣ್ಣಿನಿಂದ ಕೂಡ ಕಂಡವರಲ್ಲ.

ಅದೇ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ಅದು ನಡೆಯದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. 1838ರ ಅಕ್ಟೋಬರಿನಲ್ಲಿ ಡ್ರೆಸ್ಡೆನ್ ಮಿಷನ್ ಸಂಸ್ಥೆಯ ಟೈಕೆಲ್‌ಮನ್ ಮತ್ತು ಶ್ಯೂರ್‌ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಇಲ್ಲಿಗೆ ಬಂದಿಳಿದರು. ಧರ್ಮಪ್ರಚಾರ ಜನರ ಮಾತಿನಲ್ಲೇ ಆಗಬೇಕೆಂಬುದು ಅವರ ನಂಬಿಕೆ. ಮುರ್ಲವಿರಪುರ್ಕ, ಕಡ್ಲಿತ್ಪಿನ, ಇತ್ಯಮೈಇತ್ಪಿನ ಎಂಬ ಮೂವರು ಕೌರ್ನಾ ಹಿರಿಯರ ಬಳಿ ಕುಳಿತು ಅವರು ಭಾಷೆ ಕಲಿತರು. 1839ರ ಡಿಸೆಂಬರಿನಲ್ಲಿ ನದಿಯ ಉತ್ತರ ದಂಡೆಯ ಪಿಲ್ಟವೊಡ್ಲಿ ಎಂಬಲ್ಲಿ ಕೌರ್ನಾ ಮಾಧ್ಯಮದ ಶಾಲೆಯೊಂದನ್ನು ತೆರೆದರು. 1840ರಲ್ಲಿ ಸುಮಾರು 2000 ಪದಗಳ ಕೋಶವನ್ನೂ ವ್ಯಾಕರಣವನ್ನೂ ಅಚ್ಚು ಹಾಕಿಸಿದರು. ಆ ಶಾಲೆಯ ಮಕ್ಕಳು ತಮ್ಮ ಭಾಷೆಯಲ್ಲೇ ಬರೆದ ಪತ್ರಗಳು ಕೆಲವು ಇಂದಿಗೂ ಉಳಿದಿವೆ.

ಶಾಲೆ ಮಾತ್ರ ಉಳಿಯಲಿಲ್ಲ. 1845ರಲ್ಲಿ ಅದನ್ನು ಮುಚ್ಚಿ, ಅಲ್ಲಿದ್ದ ವಸತಿಯನ್ನು ಕೆಡವಿ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸಾಗಿಸಿದರು. ರೋಗ, ನೆಲದ ಕಬಳಿಕೆ, ದೂರದ ಮಿಷನ್‌ಗಳಿಗೆ ಸ್ಥಳಾಂತರ, ಇವುಗಳ ನಡುವೆ ಎರಡು ತಲೆಮಾರಿನೊಳಗೆ ಕೌರ್ನಾ ದಿನಬಳಕೆಯಿಂದ ಮರೆಯಾಯಿತು. ಬಾಲ್ಯದಿಂದಲೇ ಈ ಭಾಷೆಯನ್ನು ಬಲ್ಲವರಲ್ಲಿ ಕೊನೆಯವಳೆಂದು ಸಾಮಾನ್ಯವಾಗಿ ಹೇಳಲಾಗುವ ಇಪರಿತ್ಯಿ 1929ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಅರ್ಥ ಜಿನುಗುವ ತುಂತುರು ಮಳೆ. ಕೌರ್ನಾ ಸರಾಗವಾಗಿ ಹರಿಯುತ್ತಿದ್ದ ಕಾಲದ ಒಂದು ಧ್ವನಿಮುದ್ರಣವೂ ನಮ್ಮ ಬಳಿ ಇಲ್ಲ.

ಸಮಸ್ಯೆ ಏನಾಗಿತ್ತು

ಕನ್ನಡದ ಓದುಗರಿಗೆ ‘ಊರಿನ ಹೆಸರು ಬದಲಿಸುವುದು’ ಎಂದೊಡನೆ ನೆನಪಾಗುವುದು 2014ರ ನವೆಂಬರ್ 1. ಅಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ರೂಪಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ಆದರೆ ಬೆಂಗಳೂರನ್ನು ನಾವು ಎಂದೂ ಬೇರೆ ಹೆಸರಿನಿಂದ ಕರೆದವರಲ್ಲ. ಬಾಯಲ್ಲಿ ಇದ್ದದ್ದೇ ಫಲಕಕ್ಕೆ ಏರಿತು. ಅಡಿಲೇಡ್‌ನ ಸ್ಥಿತಿ ಇದಕ್ಕೆ ತೀರಾ ಬೇರೆ. ಅಲ್ಲಿ ಬಾಯಿಯೇ ಇರಲಿಲ್ಲ. ಕೌರ್ನಾ ಕುಟುಂಬಗಳು ನಗರದಲ್ಲೂ ಸುತ್ತಮುತ್ತಲೂ ಬದುಕಿದ್ದವು, ತಮ್ಮ ನೆಲದ ಬಗ್ಗೆ ಖಚಿತವಾದ ಅರಿವೂ ಅವರಿಗಿತ್ತು. ಹೆಸರುಗಳು ಮಾತ್ರ ಹಳೆಯ ಪುಸ್ತಕಗಳಲ್ಲಿ, ಹಸ್ತಪ್ರತಿಗಳಲ್ಲಿ, ಟಿಪ್ಪಣಿಗಳಲ್ಲಿ ಚದುರಿ ಬಿದ್ದಿದ್ದವು.

ನಗರದ ಹೊರವಲಯದಲ್ಲಿ ಒಂದಷ್ಟು ಹೆಸರುಗಳು ಉಳಿದುಕೊಂಡಿದ್ದವು. ಆಲ್ಡಿಂಗ, ವಿಲ್ಲಂಗ, ನೊರ್ಲಂಗ, ಓಂಕಪರಿಂಗ. ಇವುಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ‘-ಂಗ’ ಎಂಬುದು ನಮ್ಮ ‘ಅಲ್ಲಿ’ಯಂತೆ ಸಪ್ತಮಿ ವಿಭಕ್ತಿಯ ಪ್ರತ್ಯಯ. ಓಂಕಪರಿಂಗ ನದಿಯ ಮೂಲ ರೂಪ ‘ಙಂಕಿಪರಿಂಗ’. ಙಂಕಿ ಎಂದರೆ ಹೆಣ್ಣು, ಪರಿ ಎಂದರೆ ನದಿ. ಪದದ ಮೊದಲಿಗೆ ಬರುವ ಙಕಾರವನ್ನು ಇಂಗ್ಲಿಷ್ ಕಿವಿ ಹಿಡಿಯಲಾರದೆ ಬಿಟ್ಟುಬಿಟ್ಟಿತು; ಅದರೊಡನೆ ಹೆಣ್ಣೂ ಬಿಟ್ಟುಹೋದಳು. ನಮ್ಮ ವರ್ಣಮಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡಿ ಮರೆಯುವ ಆ ಙ ಅಕ್ಷರಕ್ಕೆ ಇಂಥದ್ದೊಂದು ಭಾಷೆಯಲ್ಲಿ ಎಷ್ಟು ಕೆಲಸವಿದೆ ಎಂಬುದನ್ನು ನೋಡಿದಾಗ ನನಗೆ ಅಚ್ಚರಿಯಾಗಿತ್ತು.

ನಗರದ ಒಳಗೆ ಇಷ್ಟೂ ಇರಲಿಲ್ಲ. ಹಾಗಾಗಿ ನಗರಪಾಲಿಕೆ 1997ರಲ್ಲಿ ಮೂಲನಿವಾಸಿಗಳೊಂದಿಗೆ ಸಾಮರಸ್ಯದ ಸಂಕಲ್ಪ ಪತ್ರವೊಂದನ್ನು ಅಂಗೀಕರಿಸಿ, ನಗರದ ಉದ್ಯಾನ ಮತ್ತು ಚೌಕಗಳಿಗೆ ಕೌರ್ನಾ ಹೆಸರು ಕೊಡಲು ಒಪ್ಪಿದಾಗ, ಒಪ್ಪಿಗೆಯ ಬೆನ್ನಿಗೇ ಮೂರು ಪ್ರಶ್ನೆಗಳು ಎದುರಾದವು. ಇಂಗ್ಲಿಷ್ ಹೆಸರನ್ನು ತೆಗೆಯಬೇಕೆ, ಉಳಿಸಬೇಕೆ? ಹಳೆಯ ಹೆಸರು ಸಿಗದ ಜಾಗಕ್ಕೆ ಏನೆಂದು ಕರೆಯಬೇಕು? ಮತ್ತು, ಇದನ್ನೆಲ್ಲ ನಿರ್ಧರಿಸುವವರು ಯಾರು?

ಯಾವ ದಾರಿ ಹಿಡಿದರು

ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಭೌಗೋಳಿಕ ಹೆಸರುಗಳ ಕುರಿತ 1991ರ ರಾಜ್ಯ ಕಾನೂನಿನಲ್ಲಿ ಒಂದೇ ಸ್ಥಳಕ್ಕೆ ಎರಡು ಹೆಸರುಗಳು ಸಮಾನವಾಗಿ ಇರಲು ಅವಕಾಶವಿದ್ದುದರಿಂದ ಜೋಡಿ ಹೆಸರಿನ ಮಾರ್ಗವನ್ನು ಆರಿಸಿಕೊಂಡರು. ಇದನ್ನು ರಾಜಿಯೆಂದು ಕರೆಯುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ: ಅಡ್ಡಗೆರೆಯ ಎಡಕ್ಕೆ ಇಂಗ್ಲಿಷ್ ಹೆಸರು, ಬಲಕ್ಕೆ ಕೌರ್ನಾ ಹೆಸರು ಎಂಬ ಕ್ರಮವೇ ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ತಿರುಚಿ ಹೇಳುತ್ತದೆ. ಆದರೂ ಹೆಸರು ಉಚ್ಚರಿಸಲು ಕಷ್ಟ, ವಿಳಾಸ ಗೊಂದಲವಾಗುತ್ತದೆ ಎಂದು ಇಂತಹ ಪ್ರಸ್ತಾಪ ಬಂದಲ್ಲೆಲ್ಲ ಏಳುವ ಆಕ್ಷೇಪಗಳಿಗೆ ಇದರಿಂದ ನೆಲೆಯಿಲ್ಲದಂತಾಯಿತು ಎಂಬುದೂ ನಿಜ. ನಗರದ ನಡುವೆ ಹರಿಯುವ ಟಾರೆನ್ಸ್ ನದಿಗೆ 2001ರಲ್ಲಿ ‘ಕರವಿರ ಪರಿ’ ಎಂಬ ಹೆಸರು ಜೋಡಿಯಾಯಿತು; ಕೆಂಪು ನೀಲಗಿರಿ ಮರಗಳ ಕಾಡಿನ ನದಿ ಎಂದು ಅರ್ಥ. ಮರುವರ್ಷ ವಿಕ್ಟೋರಿಯಾ ಚೌಕದ ಸರದಿ ಬಂತು. ಮೂಲನಿವಾಸಿಗಳ ಕಪ್ಪು, ಕೆಂಪು, ಹಳದಿ ಬಾವುಟ ಮೊಟ್ಟಮೊದಲು ಹಾರಿದ್ದೂ 1971ರಲ್ಲಿ ಇದೇ ಚೌಕದಲ್ಲಿ. ಹಾಗಾಗಿ ಆ ಹೆಸರಿಗೆ ಅಲ್ಲಿ ಹೊಸದಾಗಿ ನೆಲೆ ಹುಡುಕಬೇಕಾಗಿರಲಿಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಕಾಡಿತು. ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಬಹುಪಾಲು ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. 1840ರ ಪುಸ್ತಕ, ಟೈಕೆಲ್‌ಮನ್ 1857ರಲ್ಲಿ ಕೈಬರಹದಲ್ಲಿ ಸಿದ್ಧಪಡಿಸಿದ ದೊಡ್ಡ ಪದಕೋಶ, ಆ ಕಾಲದ ಇತರರು ಬರೆದಿಟ್ಟ ಪಟ್ಟಿಗಳು, ಇವನ್ನೆಲ್ಲ ಜಾಲಾಡಿದರೂ ನಗರದ ಬೆರಳೆಣಿಕೆಯ ಜಾಗಗಳಿಗೆ ಮಾತ್ರ ಹಳೆಯ ಹೆಸರು ಸಿಕ್ಕಿತು. ತಂಟಾನ್ಯ ಅಂಥದ್ದು. ಪೋಸಮ್ ಎಂಬ ಮರವಾಸಿ ಪ್ರಾಣಿಯ ಮನೆ ಎಂಬ ಅರ್ಥದ, ಶಾಲೆಯಿದ್ದ ಪಿಲ್ಟವೊಡ್ಲಿ ಅಂಥದ್ದು. ಹಡಗಿಳಿದು ಬಂದ ವಲಸಿಗರು ತಂಗುತ್ತಿದ್ದ ಬಯಲಿಗಿದ್ದ ತಂಪವರ್ಡ್ಲಿ, ಅಂದರೆ ಬಯಲುಮನೆ, ಅಂಥದ್ದು. ಉಳಿದ ಜಾಗಗಳಿಗೆ? ಇಲ್ಲದ ಪ್ರಾಚೀನತೆಯನ್ನು ಸೃಷ್ಟಿಸುವುದು ಸುಲಭವಿತ್ತು, ಕೇಳುವವರೂ ಇರಲಿಲ್ಲ. ಹಾಗೆ ಮಾಡದೆ, ಹೊಸ ಹೆಸರುಗಳನ್ನು ಹೊಸದೆಂದು ಒಪ್ಪಿಕೊಂಡೇ ಕಟ್ಟಲು ಅವರು ತೀರ್ಮಾನಿಸಿದರು. ಆ ಜಾಗದ ಗಿಡಮರ ಯಾವುದು, ಅಲ್ಲಿ ಇಂದು ನಡೆಯುವ ಚಟುವಟಿಕೆ ಯಾವುದು, ಅಲ್ಲಿ ನೆನೆಯಬೇಕಾದ ಕೌರ್ನಾ ವ್ಯಕ್ತಿ ಯಾರು, ಇವು ಆಧಾರವಾದವು.

ಹೀಗೆ ಹುಟ್ಟಿದ ಹೆಸರುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಉತ್ತರ ಅಡಿಲೇಡ್‌ನಲ್ಲಿ ಕುದುರೆಗಳು ಮೇಯುವ ಒಂದು ಹುಲ್ಲುಗಾವಲಿದೆ. ಅದಕ್ಕೆ ‘ನಂತು ವಮ’ ಎಂದು ಹೆಸರಾಯಿತು. ವಮ ಎಂದರೆ ಬಯಲು. ನಂತು ಎಂದರೆ ಮೊದಲು ಗಂಡು ಬೂದು ಕಾಂಗರೂ. ಹಡಗಿನಿಂದ ಕುದುರೆಗಳು ಇಳಿದಾಗ ಕೌರ್ನಾ ಜನ ಅವನ್ನು ಕಂಡು ‘ಪಿಂಡಿ ನಂತು’, ಬಿಳಿಯರ ಕಾಂಗರೂ, ಎಂದರು. ಕಾಲಾಂತರದಲ್ಲಿ ಬರೀ ನಂತು ಎಂದರೂ ಕುದುರೆಯೇ ಆಯಿತು. ಈ ಹೆಸರನ್ನು ಯಾರೂ 1836ಕ್ಕೆ ಮುಂಚೆ ಕೇಳಿರಲಿಲ್ಲ, ಕೇಳುವುದು ಸಾಧ್ಯವೂ ಇರಲಿಲ್ಲ. ಆದರೆ ಅದನ್ನು ಕಟ್ಟಿದ ರೀತಿ ಕೌರ್ನಾ ಜನ ತಾವೇ ಹೊಸದನ್ನು ಕಂಡಾಗ ಮಾತು ಕಟ್ಟುತ್ತಿದ್ದ ರೀತಿಯೇ ಆಗಿದೆ. ಪೊಲೀಸ್ ಠಾಣ್ಯದ ಪಕ್ಕದ ಉದ್ಯಾನಕ್ಕೆ ಬಂದ ‘ತುಲ್ಯ ವರ್ಡ್ಲಿ’ಯ ಕತೆಯೂ ಇಂಥದ್ದೇ: ‘ಸೋಲ್ಜರ್’ ಎಂಬ ಇಂಗ್ಲಿಷ್ ಪದ ಕೌರ್ನಾ ನಾಲಿಗೆಯಲ್ಲಿ ಹೊರಳಿ ತುಲ್ಯ ಆಯಿತು, ವರ್ಡ್ಲಿ ಎಂದರೆ ಮನೆ. ಈ ತದ್ಭವ ಮಾಡಿದವರು ಹತ್ತೊಂಬತ್ತನೆಯ ಶತಮಾನದ ಕೌರ್ನಾ ಭಾಷಿಕರೇ. ಇಂದಿನವರು ಅದನ್ನು ತೆಗೆದು ಬಳಸಿದರು. ಭಾಷೆ ಸತ್ತಿದೆ ಎನ್ನುವವರಿಗೆ ಈ ಎರಡು ಹೆಸರುಗಳಿಗಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಒಮ್ಮೆಲೇ ಬರಲಿಲ್ಲ, ಕೆಲಸ ನಡೆಯುತ್ತ ರೂಪುಗೊಂಡಿತು. 1990ರ ದಶಕದ ಆರಂಭದಲ್ಲಿ ಹಾಡು ಕಟ್ಟುವ ಕಮ್ಮಟದಿಂದಲೂ ಶಾಲೆಯ ಪಾಠದಿಂದಲೂ ಕೌರ್ನಾ ಭಾಷೆಯ ಪುನರುಜ್ಜೀವನ ಶುರುವಾಗಿತ್ತು. 2002ರಲ್ಲಿ ಕೌರ್ನಾ ಹಿರಿಯರು, ಭಾಷಾ ಶಿಕ್ಷಕರು ಮತ್ತು ಅಡಿಲೇಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ಒಂದೆಡೆ ಸೇರುವ ‘ಕೌರ್ನಾ ವರ ಪಿಂತ್ಯಂದಿ’ ಎಂಬ ಸಮಿತಿ ಹುಟ್ಟಿಕೊಂಡಿತು. ಕೌರ್ನಾ ಭಾಷೆಯನ್ನು ಕಟ್ಟುವುದು ಎಂದು ಅದರ ಅರ್ಥ. ಅಂದಿನಿಂದ ಹೆಸರಿನ ಕೋರಿಕೆಗಳು ಅಲ್ಲಿಗೆ ಬರತೊಡಗಿದವು. ಪುಸ್ತಕದಲ್ಲಿ ಪದ ಹುಡುಕಿ ವ್ಯಾಕರಣ ಪರಿಶೀಲಿಸುವುದು ಭಾಷಾವಿಜ್ಞಾನಿಯ ಕೆಲಸ. ಈ ಜಾಗಕ್ಕೆ ಈ ಹೆಸರು ತಕ್ಕುದೇ ಎಂದು ಹೇಳುವುದು ಹಿರಿಯರ ಅಧಿಕಾರ. ಅಂಗೀಕರಿಸಿ ಫಲಕ ಹಾಕುವುದು ನಗರಪಾಲಿಕೆಯ ಹೊಣೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡಬಾರದು ಎಂಬುದು ಈ ಏರ್ಪಾಡಿನ ಜೀವಾಳ.

ಕಾಗುಣಿತದ ತಿರುವು

ಅರ್ಧ ದಾರಿಗಿಂತ ಹೆಚ್ಚು ಸವೆಸಿದ ಮೇಲೆ, 2010ರಲ್ಲಿ, ಸಮಿತಿ ತನ್ನ ಕೆಲಸವನ್ನು ತಾನೇ ಕಷ್ಟಕ್ಕೊಡ್ಡುವ ಒಂದು ನಿರ್ಧಾರ ಕೈಗೊಂಡಿತು: ಕೌರ್ನಾ ಭಾಷೆಯ ಕಾಗುಣಿತವನ್ನು ಪರಿಷ್ಕರಿಸುವುದು. ಆ ಹೊತ್ತಿಗೆ ಹಳೆಯ ಕಾಗುಣಿತದಲ್ಲಿ ಹೆಸರುಗಳು ಅಂಗೀಕಾರವಾಗಿದ್ದವು, ದಾಖಲೆಗಳಲ್ಲಿ ಸೇರಿದ್ದವು, ಫಲಕಗಳಲ್ಲಿ ಬರೆಸಿ ಆಗಿತ್ತು.

ಈ ನಿರ್ಧಾರದ ಹಿಂದಿನ ಕಾರಣ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಕೌರ್ನಾದಲ್ಲಿ ನಮ್ಮ ತ–ಟ, ನ–ಣ, ಲ–ಳ ಭೇದಗಳಂತೆ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳು ಬೇರೆ ಬೇರೆ. ತಮಿಳಿನಂತೆ ಕ–ಗ, ತ–ದ, ಪ–ಬ ಭೇದಕ್ಕೆ ಮಾತ್ರ ಅಲ್ಲಿ ಬೆಲೆಯಿಲ್ಲ. ಜರ್ಮನ್ ಪಾದ್ರಿಗಳ ಕಿವಿ ಇದಕ್ಕೆ ತಿರುಗುಮುರುಗು: ಭೇದವಿಲ್ಲದ ಕಡೆ ಭೇದ ಬರೆದರು, ಇದ್ದ ಕಡೆ ಹಲವು ಸಲ ಬಿಟ್ಟರು. ಅವರು ರೋಮನ್ ಲಿಪಿಯಲ್ಲಿ ಬರೆದ ‘ಪಿಲ್ಟವೊಡ್ಲಿ’ಯನ್ನು ಓದಿದರೆ ಅದರಲ್ಲಿ ಮೂರ್ಧನ್ಯದ ಗುರುತೇ ಇಲ್ಲ. ಹೊಸ ಕಾಗುಣಿತದಲ್ಲಿ ನಾಲಿಗೆ ಮಡಚುವ ಧ್ವನಿಗಳ ಮುಂದೆ ರೋಮನ್ ಲಿಪಿಯ ‘ಆರ್’ ಅಕ್ಷರವನ್ನು ಸೂಚನೆಯಾಗಿ ಸೇರಿಸಿದರು. ಆದ್ದರಿಂದ ಅದು ‘ಪಿರ್ಲ್ಟವರ್ಡ್ಲಿ’ ಎಂದು ಕಾಣುತ್ತದೆ. ಆದರೆ ಆ ‘ಆರ್’ ಅನ್ನು ಉಚ್ಚರಿಸಬೇಕಾಗಿಲ್ಲ. ನಮ್ಮ ಲಿಪಿಯಲ್ಲಿ ‘ಪಿಳ್ಟವಡ್ಳಿ’ ಎಂದು ಬರೆದರೆ ಸಾಕು, ಎಲ್ಲವೂ ಅದರೊಳಗಿದೆ. ರೋಮನ್ ಲಿಪಿ ಇಷ್ಟು ಸರ್ಕಸ್ ಮಾಡಬೇಕಾದದ್ದನ್ನು ನಮ್ಮ ಒಂದು ಳಕಾರ ಸದ್ದಿಲ್ಲದೆ ಮಾಡಿಮುಗಿಸುತ್ತದೆ.

ಬದಲಾವಣೆಯ ಬೆಲೆ ಸಣ್ಣದಾಗಿರಲಿಲ್ಲ. ನಗರದ ಮೂಲನಿವಾಸಿ ಸಂಸ್ಕೃತಿ ಕೇಂದ್ರ 1989ರಿಂದಲೂ ‘ತಂದಾನ್ಯ’ ಎಂಬ ರೂಪವನ್ನು ಬಳಸಿಕೊಂಡು ಬಂದಿತ್ತು, ಪಾಲಿಕೆ ‘ತಾರ್ಂಡಾನ್ಯಂಗ’ ಎಂದು ಅಂಗೀಕರಿಸಿತ್ತು, ಹೊಸದು ‘ತಾರ್ಂಟಾನ್ಯಂಗ’. ಒಂದೇ ಮಾತಿನ ಮೂರು ವೇಷಗಳು ಒಂದೇ ಊರಿನಲ್ಲಿ. ನೋಡಿದವರಿಗೆ ‘ಇವರಿಗೇ ಖಚಿತವಿಲ್ಲ’ ಎನಿಸುವ ಅಪಾಯವಿತ್ತು. ಆಗ ಸಮಿತಿ ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾಗಿದೆ. ಅದು ತನ್ನ ಹೆಸರನ್ನೇ ‘ಪಿಂತ್ಯಂದಿ’ಯಿಂದ ‘ಪಿಂತ್ಯಂತಿ’ಗೆ ಬದಲಿಸಿಕೊಂಡಿತು. ಹೆಸರುಗಳನ್ನು ಹೊಸ ರೂಪಕ್ಕೆ ತನ್ನಿ ಎಂದು ಪಾಲಿಕೆಗೆ ಹೇಳುವ ನೈತಿಕ ಬಲ ಅದಕ್ಕೆ ಅಲ್ಲಿಂದ ಬಂತು. ‘ಕೌರ್ನಾ’ ಎಂಬ ಜನಾಂಗದ ಹೆಸರನ್ನು ಮಾತ್ರ ಬಳಕೆಯಲ್ಲಿದ್ದಂತೆಯೇ ಬಿಟ್ಟರು. ನಿಯಮಕ್ಕಿಂತ ಜನರ ರೂಢಿ ದೊಡ್ಡದಾಗುವ ಜಾಗ ಯಾವುದೆಂದು ಅವರಿಗೆ ಗೊತ್ತಿತ್ತು.

ಐದು ಚೌಕಗಳು, ಐವರು ಹೆಣ್ಣುಮಕ್ಕಳು

ಕೊನೆಗೆ ಉಳಿದದ್ದು ಐದು ಚೌಕಗಳು. ಅಷ್ಟರಲ್ಲಿ ಪಾದ್ರಿಗಳಿಗೆ ಭಾಷೆ ಕಲಿಸಿದ ಮೂವರು ಹಿರಿಯರ ಹೆಸರು ನಗರದ ಪೂರ್ವ ಅಂಚಿನ ಮೂರು ಉದ್ಯಾನಗಳಿಗೆ ಬಂದಾಗಿತ್ತು. 2012ರಲ್ಲಿ ಪಾಲಿಕೆ ಅನುಮೋದಿಸಿದ ಐದೂ ಹೆಸರುಗಳು ಕೌರ್ನಾ ಹೆಂಗಸರವು. 1837ರಲ್ಲಿ ಐವರು ಗಂಡಸರಿಗೆ ಹೋದ ಚೌಕಗಳ ಎದುರಿಗೆ ಐವರು ಹೆಣ್ಣುಮಕ್ಕಳನ್ನು ನಿಲ್ಲಿಸಿದ ಈ ಆಯ್ಕೆ, ಇಡೀ ಪ್ರಕರಣದ ಅತ್ಯಂತ ಪ್ರೌಢ ತೀರ್ಮಾನ ಎಂದು ನಾನು ಭಾವಿಸುತ್ತೇನೆ. ನಗರದ ನಕ್ಷೆ ಬರೆದ ಲೈಟ್‌ನ ಸಮಾಧಿಯಿರುವ ಚೌಕಕ್ಕೆ ಕಡ್ಲಿತ್ಪಿನನ ಹೆಂಡತಿ ವಾವಿಯ ಹೆಸರು ಬಂತು. ಹಿಂಡ್‌ಮಾರ್ಷ್ ಚೌಕಕ್ಕೆ ಮುರ್ಲವಿರಪುರ್ಕನ ಹೆಂಡತಿ ಮುಕತಾಳದ್ದು.

ಉತ್ತರದ ವೆಲಿಂಗ್ಟನ್ ಚೌಕ ಕುಡ್ನಾರ್ತುವಿನದು. ಕೌರ್ನಾ ಜನ ಮಕ್ಕಳಿಗೆ ಹುಟ್ಟಿದ ಕ್ರಮದ ಮೇಲೆ ಹೆಸರಿಡುತ್ತಿದ್ದರು. ಕುಡ್ನಾರ್ತು ಎಂದರೆ ಮೂರನೆಯವಳಾಗಿ ಹುಟ್ಟಿದ ಹೆಣ್ಣುಮಗು. 1848ರಲ್ಲಿ ಅವಳು ಟಾಮಸ್ ಆಡಮ್ಸ್ ಎಂಬ ಇಂಗ್ಲಿಷಿನವನನ್ನು ಮದುವೆಯಾದಳು. ಆ ವಸಾಹತಿನಲ್ಲಿ ಮೂಲನಿವಾಸಿ ಹೆಣ್ಣು ಮತ್ತು ವಲಸಿಗನ ನಡುವೆ ಕಾನೂನುಬದ್ಧವಾಗಿ ನಡೆದ ಮೊದಲ ಮದುವೆ ಅದು. ಅವಳ ಜೀವಿತಾವಧಿಗೆ ಒಂದು ತುಂಡು ಭೂಮಿಯನ್ನು ಸರ್ಕಾರ ಕೊಟ್ಟಿತ್ತು. 1855ರಲ್ಲಿ ಅವಳು ತೀರಿಕೊಂಡೊಡನೆ ಅದನ್ನು ಹಿಂದಕ್ಕೆ ಪಡೆಯಿತು. ಮುಂದೆ ಅವಳ ಗಂಡುಮಕ್ಕಳು ತಾಯಿಯ ನೆಲವನ್ನು ಕೇಳಿದರೂ ಸಿಗಲಿಲ್ಲ.

ಫಲಿತ ಮತ್ತು ಅದು ಕಲಿಸುವುದು

ಜನ ದಿನನಿತ್ಯದ ಮಾತಿನಲ್ಲಿ ಇಂದಿಗೂ ಇಂಗ್ಲಿಷ್ ಹೆಸರುಗಳನ್ನೇ ಹೆಚ್ಚು ಬಳಸುತ್ತಾರೆ. ಬೀದಿಗಳ ಹೆಸರುಗಳು ಬಹುಮಟ್ಟಿಗೆ 1837ರಲ್ಲಿದ್ದಂತೆಯೇ ಇವೆ. ಹೆಸರು ಬಂದೊಡನೆ ನೆಲ ಬರುವುದಿಲ್ಲ ಎಂಬುದಕ್ಕೆ ಕುಡ್ನಾರ್ತುವಿನ ಕತೆಗಿಂತ ಬೇರೆ ಸಾಕ್ಷಿ ಬೇಡ. ಕೌರ್ನಾ ಜನ 2000ದಲ್ಲಿ ಸಲ್ಲಿಸಿದ ಪಾರಂಪರಿಕ ಭೂಹಕ್ಕಿನ ಅರ್ಜಿಯನ್ನು ಫೆಡರಲ್ ನ್ಯಾಯಾಲಯ ಮಾನ್ಯ ಮಾಡಲು 2018ರವರೆಗೆ ಕಾಯಬೇಕಾಯಿತು. ಇಂತಹ ಕೆಲಸಕ್ಕೆ ಇಳಿಯುವ ಬೇರೆ ಊರಿನವರು ಈ ಮಿತಿಗಳನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಇನ್ನೊಂದು ಮಗ್ಗುಲೂ ಇದೆ. ಹೆಸರಿನ ಕೋರಿಕೆ ಬಂದಾಗಲೆಲ್ಲ ಯಾರೋ ಒಬ್ಬರು 1840ರ ಪದಕೋಶವನ್ನು ತೆರೆಯಬೇಕಾಯಿತು, ಪ್ರತ್ಯಯ ಯಾವುದೆಂದು ಚರ್ಚಿಸಬೇಕಾಯಿತು, ಹಿರಿಯರೊಬ್ಬರು ಅದನ್ನು ಬಾಯಲ್ಲಿ ಹೇಳಿ ನೋಡಬೇಕಾಯಿತು. ಹೆಸರುಗಳ ನೆಪದಲ್ಲಿ ಭಾಷೆಗೆ ಕೆಲಸ ಸಿಕ್ಕಿತು. ಪಾಲಿಕೆ ಆತುರಪಟ್ಟು, ಒಬ್ಬ ಪಂಡಿತನಿಂದ 39 ಹೆಸರುಗಳ ಪಟ್ಟಿ ತರಿಸಿಕೊಂಡು ಒಂದೇ ವರ್ಷದಲ್ಲಿ ಫಲಕ ಹಾಕಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಹದಿನೈದು ವರ್ಷ ಹಿಡಿದದ್ದನ್ನು ವಿಳಂಬವೆಂದು ಎಣಿಸಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಯಾವ ಹೆಸರು ದಾಖಲೆಯಿಂದ ಬಂದದ್ದು, ಯಾವುದು ಈಚೆಗೆ ಕಟ್ಟಿದ್ದು ಎಂಬುದನ್ನು ಬಚ್ಚಿಡದಿದ್ದುದರಿಂದ, ಮುಂದೆ ಹೊಸ ದಾಖಲೆಯೊಂದು ಸಿಕ್ಕರೆ ತಿದ್ದಿಕೊಳ್ಳಲು ದಾರಿಯೂ ತೆರೆದಿದೆ.

ನಗರದ ಪೂರ್ವ ಅಂಚಿನಲ್ಲಿ ಇತ್ಯಮೈಇತ್ಪಿನನ ಹೆಸರಿನ ಉದ್ಯಾನವಿದೆ. ಅಲ್ಲಿಂದ ನೈಋತ್ಯಕ್ಕೆ ನಡೆದರೆ ಹರ್ಟಲ್ ಚೌಕ ಸಿಗುತ್ತದೆ. ಅದರ ಕೌರ್ನಾ ಹೆಸರು ತಂಕೈರ, ಅವನ ಹೆಂಡತಿಯದು. ಆ ಚೌಕವನ್ನು ಹಾಯ್ದು ಹೋಗುವ ಹ್ಯಾಲಿಫ್ಯಾಕ್ಸ್ ಬೀದಿಯನ್ನು ಹಿಡಿದು ನೇರ ಪಡುವಣಕ್ಕೆ ಸಾಗಿದರೆ, ದಾರಿಯಲ್ಲಿ ಅದು ಸ್ಟರ್ಟ್ ಬೀದಿಯೆಂದು ಹೆಸರು ಬದಲಿಸಿಕೊಂಡು ವ್ಹಿಟ್‌ಮೋರ್ ಚೌಕಕ್ಕೆ ಮುಟ್ಟಿಸುತ್ತದೆ. ಅದರ ಹೆಸರು ಇಪರಿತ್ಯಿ, ಅವರಿಬ್ಬರ ಮಗಳು.